ಸಿಸ್ಟರ್ ಡ್ರಿಪ್ ಜೋರು ಮಾಡ್ಲಿಲ್ಲ ಅಂತ ಕೋಪನಾ?

ಪ್ರಶ್ನೆ: ನಮ್ಮತ್ತೇನ ಆಸ್ಪತ್ರೆಗೆ ಸೇರಿಸಿದ್ವಿ, ಡ್ರಿಪ್ ನಿಧಾನ ಹೋಗ್ತಿದೆ ಸ್ವಲ್ಪ ಜೋರು ಮಾಡ್ರಮ್ಮ ಅಂದ್ರೆ ಸಿಸ್ಟರ್ ಆಗಲ್ಲ ಅಂದ್ಬಿಟ್ರು, ಕರೆದ್ರೆ ಹತ್ತು ನಿಮಿಷಕ್ಕೆ ಬರ್ತಾರೆ, ಇವ್ರಿಗೆ ಸಂಬಳ ಯಾಕೆ ಕೊಡ್ಬೇಕು? (ಓದುಗರು, ಮಂಡ್ಯ)

ಉತ್ತರ: ಡ್ರಿಪ್ ಅಂದ್ರೆ ಗದ್ದೆಗೆ ಬಿಡೋ ನಾಲೆ ನೀರಲ್ಲ ಕಣ್ರೀ, ಬೇಗ ಬಿಟ್ಟು ಬೇಗ ಮುಗಿಸೋಕೆ! ಎಷ್ಟು ಸ್ಪೀಡು ಅಂತ ಡಾಕ್ಟ್ರು ಬರೆದಿರ್ತಾರೆ, ಸಿಸ್ಟರ್ ವಾಚ್ ಹಿಡ್ಕೊಂಡು ಹನಿ ಎಣಿಸಿ ಡ್ರಿಪ್ ಪೈಪಲ್ಲಿರೋ ಪುಟ್ಟ ಚಕ್ರ ತಿರುಗಿಸಿಟ್ಟಿರ್ತಾರೆ, ವಯಸ್ಸಾದೋರಿಗೆ ಹಾರ್ಟ್ ವೀಕ್ ಇದ್ರೆ ಜೋರಾಗಿ ಹೋದ ನೀರು ಶ್ವಾಸಕೋಶಕ್ಕೆ ಸೇರಿ ಉಸಿರಾಡೋಕೇ ಆಗದಂಗಾಗ್ಬಹುದು. ಅವ್ರು ಆಗಲ್ಲ ಅಂದಿದ್ದು ನಿಮ್ಮತ್ತೆ ಒಳ್ಳೇದಕ್ಕೇ.

ಇನ್ನು ಹತ್ತು ನಿಮಿಷದ ವಿಷ್ಯ. ಪಕ್ಕದ ಬೆಡ್ಡಲ್ಲಿ ಯಾರಿಗೋ ಫಿಟ್ಸ್ ಬಂದಿದ್ರೆ ಫ್ಯಾನ್ ಹಾಕಿ ಅಂದೋರ ಹತ್ರ ಮೊದ್ಲು ಬರೋಕಾಗುತ್ತಾ? ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಂದ್ರೆ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ ಓದಿ ಬಂದಿರ್ತಾರೆ, ನಾವು ನೋಡಿದ್ರೆ ಬೆಡ್‌ಶೀಟ್ ಬದಲಾಯಿಸೋಕೇ ಇರೋರು ಅನ್ಕೊಂಡಿದೀವಿ (ನಮ್ಮನೇಲೂ ಹಂಗೇ ಅನ್ನೋರಿದ್ರು, ಸುಳ್ಳು ಯಾಕೆ ಹೇಳ್ಲಿ).

ಹಂಗಂತ ಒರಟಾಗಿ ಮಾತಾಡಿದ್ರೆ ಸಹಿಸ್ಕೋಬೇಡಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಹೋಗಿ ಹೇಳಿ. ಆ ಚಕ್ರ ಮಾತ್ರ ನೀವೇ ತಿರುಗಿಸೋಕೆ ಹೋಗ್ಬೇಡಿ.