ಸೋನಿಕೇಟರ್ ಬಾತ್‌ನಲ್ಲಿ ಬಿಗಿನೆಲ್ಲಿ ಕ್ರಿಯೆ: ಇಳುವರಿ ಸಲಕ್ಕೊಂದು ಥರ ಬರುವುದೇಕೆ?

ವೇಗವರ್ಧಕವಾಗಿ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ನ್ಯಾನೋಕಣ, ದ್ರಾವಕವಾಗಿ ಎಥನಾಲ್, ಜೊತೆಗೆ ಸೋನಿಕೇಟರ್ ಬಾತ್ (ಶ್ರವಣಾತೀತ ಶಬ್ದ ಹಾಯಿಸುವ ನೀರಿನ ತೊಟ್ಟಿ) ಬಳಸಿ, ಬಿಗಿನೆಲ್ಲಿ ಕ್ರಿಯೆಯಿಂದ, ಅಂದರೆ ಆಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್, ಯೂರಿಯಾ ಮೂರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿ, ಡೈಹೈಡ್ರೋಪಿರಿಮಿಡಿನೋನ್ ಎಂಬ ಸಂಯುಕ್ತ ತಯಾರಿಸುತ್ತಿದ್ದೀರಿ, ಅಳತೆ ಬದಲಿಸದಿದ್ದರೂ ಇಳುವರಿ ಏರುಪೇರಾಗುತ್ತಿದೆ ಎಂದು ಕೇಳಿದ್ದೀರಿ. ವೇಗವರ್ಧಕವನ್ನು ಅನುಮಾನಿಸುವ ಮೊದಲು ಬಾತನ್ನು ಪರೀಕ್ಷಿಸಿ.

ಬಾತ್‌ನ ನೀರಿನಲ್ಲಿ ಶಬ್ದದ ತೀವ್ರತೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಹೊಸ ನೀರು ತುಂಬಿ, ಹತ್ತು ನಿಮಿಷ ಸುಮ್ಮನೆ ಓಡಿಸಿ, ಕರಗಿದ ಗಾಳಿ ಹೊರಹೋಗಲಿ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ತುಂಡೊಂದನ್ನು ತಳಕ್ಕೆ ತಾಗದಂತೆ ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಹಿಡಿಯಿರಿ. ಅದರಲ್ಲಿ ತೂತು, ತಗ್ಗು ಬಿದ್ದ ಕಡೆಯೇ ಶಬ್ದದಿಂದ ಹುಟ್ಟಿದ ಗುಳ್ಳೆಗಳು ಜೋರಾಗಿ ಕುಸಿಯುವ ಜಾಗ; ಕೆಲಸ ಮಾಡುವುದು ಈ ಕುಸಿತವೇ. ಫ್ಲಾಸ್ಕನ್ನು ಪ್ರತಿ ಸಲ ಅಲ್ಲೇ, ಅದೇ ಎತ್ತರದಲ್ಲಿ ಕ್ಲಾಂಪ್ ಮಾಡಿ. ಒಳಗಿನ ದ್ರವದ ಮಟ್ಟ ಹೊರಗಿನ ನೀರಿಗಿಂತ ತುಸು ಕೆಳಗಿರಲಿ. ಎರಡು ಸೆಂಟಿಮೀಟರ್ ಸರಿದರೂ ಫಲಿತಾಂಶ ಬದಲಾಗಬಹುದು.

ಬಾತ್ ಓಡುತ್ತಾ ಓಡುತ್ತಾ ತಾನೇ ಬಿಸಿಯಾಗುತ್ತದೆ. ಹಾಗಾಗಿ ಥರ್ಮಾಮೀಟರ್ ಫ್ಲಾಸ್ಕ್‌ನ ಒಳಗಿರಬೇಕು. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಾತ್‌ಗೆ ತಣ್ಣೀರು ಸೇರಿಸಿ. ಎಥನಾಲ್ ಕುದಿಯುವ ಬಿಂದುವಿನ ಹತ್ತಿರ ಹೋದಷ್ಟೂ ಗುಳ್ಳೆಯೊಳಗೆ ಆವಿ ತುಂಬಿ ಕುಸಿತ ಮೆತ್ತಗಾಗುತ್ತದೆ. ಬಿಸಿ ಹೆಚ್ಚಿದರೆ ಶಬ್ದದ ಲಾಭ ಹೆಚ್ಚುತ್ತದೆ ಎನ್ನುವುದು ತಪ್ಪು.

ಅಳತೆ ಹೀಗಿರಲಿ: ಬೆಂಜಾಲ್ಡಿಹೈಡ್ 0.53 ಗ್ರಾಂ, ಈಥೈಲ್ ಅಸಿಟೋಅಸಿಟೇಟ್ 0.65 ಗ್ರಾಂ, ಯೂರಿಯಾ 0.45 ಗ್ರಾಂ, ಎಥನಾಲ್ 5 ಮಿಲಿ, ಮ್ಯಾಗ್ನೆಟೈಟ್ ಸುಮಾರು 60 ಮಿಲಿಗ್ರಾಂ. ಬೆಂಜಾಲ್ಡಿಹೈಡ್ ಹೊಸದಾಗಿ ಬಟ್ಟಿ ಇಳಿಸಿದ್ದೇ ಆಗಬೇಕು. ಹಳೆಯ ಬಾಟಲಿಯಲ್ಲಿ ಬೆಂಜೋಯಿಕ್ ಆಮ್ಲ ಸೇರಿರುತ್ತದೆ. ಈ ಕ್ರಿಯೆಯನ್ನು ಆಮ್ಲವೂ ನಡೆಸುತ್ತದೆ, ಜೊತೆಗೆ ಅದು ಕಣಗಳಿಂದ ಕಬ್ಬಿಣವನ್ನು ಕರಗಿಸಬಲ್ಲದು. ಆಲ್ಡಿಹೈಡ್‌ನ ಚುಕ್ಕೆ ಮಾಯವಾಗುವವರೆಗೆ ಟಿಎಲ್‌ಸಿ (ತೆಳುಪದರದ ಫಲಕದ ಮೇಲೆ ಮಿಶ್ರಣ ಬೇರ್ಪಡಿಸಿ ನೋಡುವ ಪರೀಕ್ಷೆ) ನೋಡುತ್ತಿರಿ.

ಇಳುವರಿ ಹೆಚ್ಚಾಗಿ ಕಳೆದುಹೋಗುವುದು ಕೊನೆಯ ಹಂತದಲ್ಲಿ. ಉತ್ಪನ್ನ ತಣ್ಣನೆಯ ಎಥನಾಲ್‌ನಲ್ಲಿ ಹರಳಾಗಿ ಕಪ್ಪು ಕಣಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ; ಆಗ ಅಯಸ್ಕಾಂತ ಹಿಡಿದರೆ ಅರ್ಧ ಮಾಲು ಅದರ ಜೊತೆಗೇ ಹೋಗುತ್ತದೆ. ಬಿಸಿ ಎಥನಾಲ್ ಸೇರಿಸಿ ಹರಳೆಲ್ಲ ಕರಗಿದ ಮೇಲೆಯೇ ಅಯಸ್ಕಾಂತ ಇಡಿ, ದ್ರಾವಣ ಬಗ್ಗಿಸಿಕೊಳ್ಳಿ, ಕಣಗಳನ್ನು ಇನ್ನೆರಡು ಸಲ ಬಿಸಿ ಎಥನಾಲ್‌ನಲ್ಲಿ ತೊಳೆಯಿರಿ. ಒಣಗಿಸಿದ ವೇಗವರ್ಧಕ 60 ಮಿಲಿಗ್ರಾಂಗಿಂತ ಹೆಚ್ಚು ತೂಗಿದರೆ ಉತ್ಪನ್ನ ಅದರಲ್ಲೇ ಉಳಿದಿದೆ ಎಂದರ್ಥ. ದ್ರಾವಣ ತಣಿದಾಗ ಹರಳು ತಾನಾಗಿ ಬರುತ್ತದೆ, ಕಾಲಮ್ (ಸಿಲಿಕಾ ತುಂಬಿದ ಕೊಳವೆಯಲ್ಲಿ ದ್ರಾವಕ ಹರಿಸಿ ಶುದ್ಧಗೊಳಿಸುವುದು) ಬೇಡ. ಲೀಟರ್‌ಗಟ್ಟಲೆ ಹೆಕ್ಸೇನ್ ಸುರಿದು ಕಾಲಮ್ ಮಾಡಿದರೆ ಅದನ್ನು ಪರಿಸರಸ್ನೇಹಿ ವಿಧಾನ ಎಂದು ಕರೆಯಲು ನಾನಂತೂ ಒಪ್ಪುವುದಿಲ್ಲ.

ಶ್ರೇಯಸ್ಸು ಶಬ್ದದ್ದೋ ಬಿಸಿಯದ್ದೋ ತಿಳಿಯಲು ಅದೇ ಒಳ ತಾಪಮಾನದಲ್ಲಿ, ಅಷ್ಟೇ ಹೊತ್ತು, ಶಬ್ದವಿಲ್ಲದೆ ಕಲಕಿ ನೋಡಿ. ಮ್ಯಾಗ್ನೆಟಿಕ್ ಸ್ಟಿರರ್ ಮಾತ್ರ ಬೇಡ, ಕಣಗಳೆಲ್ಲ ಅದರ ಕಡ್ಡಿಗೇ ಅಂಟುತ್ತವೆ. ಮೇಲಿಂದ ತಿರುಗುವ ಯಾಂತ್ರಿಕ ಕಲಕವೇ ಬೇಕು. ಕೆಲಸ ಮಾಡುತ್ತಿರುವುದು ಕಣವೋ ಕರಗಿದ ಕಬ್ಬಿಣವೋ ಎಂಬುದಕ್ಕೆ, ಅರ್ಧ ದಾರಿಯಲ್ಲಿ ಬಿಸಿಯಿರುವಾಗಲೇ ಕಣ ತೆಗೆದು, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಉಳಿದ ದ್ರಾವಣವನ್ನು ಮತ್ತೆ ಬಾತ್‌ಗಿಡಿ. ವೇಗವರ್ಧಕವೇ ಇಲ್ಲದ ಪ್ರಯೋಗಕ್ಕಿಂತ ಅದು ಬೇಗ ಮುಂದುವರಿದರೆ ಕಬ್ಬಿಣ ಸೋರುತ್ತಿದೆ.