ಗೈಡ್‌ಲೈನ್ ಎಲ್ಲರಿಗೂ ಗೊತ್ತು, ಆದರೂ ವಾರ್ಡಿನಲ್ಲಿ ಪಾಲಿಸುತ್ತಿಲ್ಲ. ಏನು ಮಾಡೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಆಸ್ಪತ್ರೆಯ ಗುಣಮಟ್ಟ ತಂಡಕ್ಕೆ ಹೊಸದಾಗಿ ಸೇರಿದ್ದೀರಿ. ಮೂತ್ರದ ಕ್ಯಾತೆಟರನ್ನು, ಅಂದರೆ ಮೂತ್ರ ಹೊರಹೋಗಲು ಹಾಕುವ ಕೊಳವೆಯನ್ನು, ಅಗತ್ಯ ಮುಗಿದ ಕೂಡಲೇ ತೆಗೆಯಬೇಕು ಅಂತ ಸಂಶೋಧನೆ ಹೇಳುತ್ತದೆ. ನೀವು ತರಬೇತಿ ಕೊಟ್ಟಿರಿ, ಪೋಸ್ಟರ್ ಅಂಟಿಸಿದಿರಿ, ಎಲ್ಲರಿಗೂ ಪಿಡಿಎಫ್ ಕಳಿಸಿದಿರಿ. ಏನೂ ಬದಲಾಗಲಿಲ್ಲ. ಈಗ "ಇವರಿಗೆ ಸಂಶೋಧನೆ ಮೇಲೆ ನಂಬಿಕೆಯೇ ಇಲ್ಲವಾ?" ಅಂತ ಕೇಳುತ್ತಿದ್ದೀರಿ.

ನಂಬಿಕೆ ಇದೆ. ತೊಂದರೆ ಬೇರೆ ಕಡೆ ಇದೆ. ನಾನು ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಆಮೇಲೆ ನಿಮ್ಮ ಥರದ ಕೆಲಸಕ್ಕೇ ಬಂದೆ. ಕ್ಯಾತೆಟರ್ ಜಾಸ್ತಿ ದಿನ ಇದ್ದರೆ ಸೋಂಕು ಬರುತ್ತದೆ ಅನ್ನೋದು ಗೊತ್ತಿಲ್ಲದ ಸಿಸ್ಟರ್ ಒಬ್ಬರನ್ನೂ ನಾನು ಕಂಡಿಲ್ಲ. ಗೊತ್ತಿರುವುದನ್ನೇ ಮತ್ತೆ ಕ್ಲಾಸ್ ತೆಗೆದುಕೊಂಡು ಹೇಳಿದರೆ ಹಿಂದಿನ ಸಾಲಿನವರು ತೂಕಡಿಸುತ್ತಾರೆ, ಅಷ್ಟೇ.

ಕ್ಯಾತೆಟರ್ ಯಾಕೆ ಉಳಿದುಬಿಡುತ್ತದೆ ಅಂತ ಮಂಚದ ಪಕ್ಕದಲ್ಲೇ ನಿಂತು ನೋಡಿ. ಆಪರೇಷನ್ ದಿನ ಹಾಕಿರುತ್ತಾರೆ. ಮರುದಿನ ಬೆಳಿಗ್ಗೆ ರೌಂಡ್ಸ್. ರೋಗಿ ಹೊದ್ದುಕೊಂಡಿದ್ದಾರೆ, ಮೂತ್ರದ ಚೀಲ ಮಂಚದ ಆಚೆ ಬದಿ ನೇತಾಡುತ್ತಿದೆ. ಡಾಕ್ಟರ್ ಗಾಯ ನೋಡುತ್ತಾರೆ, ಜ್ವರ ಇದೆಯಾ ಕೇಳುತ್ತಾರೆ, ಔಷಧಿ ಬದಲಿಸುತ್ತಾರೆ, ಮುಂದಿನ ಮಂಚಕ್ಕೆ ಹೋಗುತ್ತಾರೆ. ಕ್ಯಾತೆಟರ್ ಅವರ ಕಣ್ಣಿಗೇ ಬಿದ್ದಿಲ್ಲ. ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಾಕ್ಟರ್‌ಗಳನ್ನು ಇದೇ ಕೇಳಿದರು: ನಿಮ್ಮ ಈ ರೋಗಿಗೆ ಕ್ಯಾತೆಟರ್ ಇದೆಯಾ? ಕ್ಯಾತೆಟರ್ ಇದ್ದಾಗಲೂ ಸುಮಾರು 28% ಸಲ ಅವರಿಗೆ ಅದು ಗೊತ್ತಿರಲಿಲ್ಲ. ತಮಾಷೆ ಏನು ಅಂದರೆ, ವಿದ್ಯಾರ್ಥಿಗಳಲ್ಲಿ ಇದು 21%, ಹಿರಿಯ ಡಾಕ್ಟರ್‌ಗಳಲ್ಲಿ 38%.

ಸಿಸ್ಟರ್‌ಗೆ ಮಾತ್ರ ಖಂಡಿತ ಗೊತ್ತಿರುತ್ತದೆ. ಚೀಲ ಖಾಲಿ ಮಾಡಿ ಅಳತೆ ಬರೆಯುವವರು ಅವರೇ ತಾನೆ? ಆದರೆ ಆರ್ಡರ್ ಇಲ್ಲದೆ ತೆಗೆಯುವ ಹಾಗಿಲ್ಲ. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದರೆ ಅವರು ಆಪರೇಷನ್ ಥಿಯೇಟರಿನಲ್ಲಿ. ತೆಗೆದ ಮೇಲೆ ರೋಗಿಯನ್ನು ಎಬ್ಬಿಸಿ ಶೌಚಾಲಯಕ್ಕೆ ನಡೆಸುವ ಕೆಲಸವೂ ಸಿಸ್ಟರ್ ತಲೆಗೇ. ಅದೂ ರಾತ್ರಿ ಪಾಳಿಯಲ್ಲಿ, ಅರ್ಧ ಜನ ಇಟ್ಟುಕೊಂಡು. ಹೀಗಿರುವಾಗ "ನಾಳೆ ನೋಡೋಣ" ಅನ್ನೋದನ್ನು ಸೋಮಾರಿತನ ಅನ್ನೋಕಾಗಲ್ಲ, ಅಲ್ವಾ?

ಇಷ್ಟು ತಿಳಿದ ಮೇಲೆ ದಾರಿ ತಾನಾಗಿಯೇ ಕಾಣುತ್ತದೆ. ಯಾವ ಯಾವ ಕಾರಣಕ್ಕೆ ಕ್ಯಾತೆಟರ್ ಇರಬೇಕು ಅಂತ ಡಾಕ್ಟರ್‌ಗಳೇ ಒಂದು ಪಟ್ಟಿ ಒಪ್ಪಿಕೊಳ್ಳಲಿ. ಅದರಲ್ಲಿ ಯಾವುದೂ ಇಲ್ಲದಿದ್ದರೆ ಸಿಸ್ಟರ್ ಕೇಳದೆಯೇ ತೆಗೆಯಬಹುದು ಅಂತ ಲಿಖಿತ ಅನುಮತಿ ಕೊಡಲಿ. ಅದಕ್ಕೆ ಒಪ್ಪದಿದ್ದರೆ, ಕ್ಯಾತೆಟರ್ ಆರ್ಡರ್ ಇಷ್ಟು ದಿನಕ್ಕೆ ತಾನೇ ಮುಗಿಯುವ ಹಾಗೆ ಮಾಡಿ. ಮುಂದುವರಿಸಬೇಕಾದವರು ಕಾರಣ ಬರೆಯಲಿ. ಈಗ ಯಾರೂ ಏನೂ ಮಾಡದೆ ಸುಮ್ನೆ ಇದ್ದರೆ ಕ್ಯಾತೆಟರ್ ಉಳಿಯುತ್ತದೆ. ಆಗ ಸುಮ್ನೆ ಇದ್ದರೆ ಹೋಗುತ್ತದೆ. ಇಂಥ ಸ್ಟಾಪ್ ಆರ್ಡರ್‌, ನೆನಪಿಸುವ ಚೀಟಿಗಳ ಮೇಲಿನ ಅಧ್ಯಯನಗಳನ್ನೆಲ್ಲ 2010ರಲ್ಲಿ ಒಟ್ಟಿಗೆ ಸೇರಿಸಿ ನೋಡಿದಾಗ ಸೋಂಕಿನ ಪ್ರಮಾಣ ಸುಮಾರು 52% ಇಳಿದದ್ದು ಕಂಡಿತು. ಪೋಸ್ಟರ್‌ನಿಂದ ಇಷ್ಟು ಆಗಿದ್ದು ನಾನಂತೂ ಕೇಳಿಲ್ಲ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಕಥೆ ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳದ್ದು. ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಎಂಬ ಕೊಳವೆಯಿಂದ ರಕ್ತಕ್ಕೆ ಸೋಂಕು ಆಗುತ್ತದೆ. ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರ್ ಮತ್ತು ಅವರ ತಂಡ ಐದೇ ಕೆಲಸ ಆರಿಸಿಕೊಂಡರು: ಕೈ ತೊಳೆಯಿರಿ, ಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸಿ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಹಚ್ಚಿ, ಆದಷ್ಟು ತೊಡೆಸಂದಿನಲ್ಲಿ ಹಾಕಬೇಡಿ, ಬೇಡವಾದ ಲೈನ್ ತೆಗೆಯಿರಿ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದ ಹೊತ್ತಿಗೆ 1.4ಕ್ಕೆ ಬಂದಿತ್ತು.

ಇದನ್ನು ಕೇಳಿದವರೆಲ್ಲ "ಓ, ಚೆಕ್‌ಲಿಸ್ಟ್ ಮಾಡಿದರೆ ಸಾಕು" ಅಂತ ಎದ್ದು ಹೋಗುತ್ತಾರೆ. ನನಗೆ ಕೋಪ ಬರುವುದು ಇಲ್ಲೇ. ಆ ಐದರಲ್ಲಿ ಒಂದೂ ಹೊಸ ವಿಷಯ ಅಲ್ಲ. ಹೊಸದಾಗಿದ್ದು ಸುತ್ತಲಿನ ಏರ್ಪಾಡು. ಬೇಕಾದ ಸಾಮಾನು ಬೇರೆ ಬೇರೆ ಕಪಾಟಿನಿಂದ ಹುಡುಕಿ ತರಬೇಕಿದ್ದ ಜಾಗದಲ್ಲಿ, ಎಲ್ಲವನ್ನೂ ಜೋಡಿಸಿದ ಒಂದೇ ಟ್ರಾಲಿ ಬಂತು. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ, ತುರ್ತು ಇಲ್ಲದಿದ್ದಾಗ, ನಿಲ್ಲಿಸಿ ಅಂತ ಹೇಳುವ ಹಕ್ಕು ನರ್ಸ್‌ಗೆ ಸಿಕ್ಕಿತು. ಆ ಹಕ್ಕಿನ ಹಿಂದೆ ಆಸ್ಪತ್ರೆಯ ಮೇಲಿನವರು ನಿಂತರು. ಸೋಂಕಿನ ಲೆಕ್ಕ ಆಯಾ ಐಸಿಯುಗೆ ತಪ್ಪದೆ ವಾಪಸ್ ಹೋಗುತ್ತಿತ್ತು. ಇದೆಲ್ಲ ಬಿಟ್ಟು ಬರೀ ಕಾಗದ ಜೆರಾಕ್ಸ್ ಮಾಡಿ ಹಂಚಿದರೆ ಟಿಕ್ ಬೀಳುತ್ತದೆ, ಕೆಲಸ ಬದಲಾಗುವುದಿಲ್ಲ.

ಟಿಕ್ ಬೀಳುವುದು ಅಂದರೆ ಏನು ಅಂತ ಇನ್ನೊಂದು ಚೆಕ್‌ಲಿಸ್ಟಿನಲ್ಲಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟನ್ನು ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು 1.5%ರಿಂದ 0.8%ಕ್ಕೆ ಇಳಿಯಿತು. ಅದು 2009ರ ವರದಿ. ಆಮೇಲೆ ಕೆನಡಾದ ಒಂಟಾರಿಯೋದಲ್ಲಿ ಅದೇ ಚೆಕ್‌ಲಿಸ್ಟ್ ಬಳಕೆಯ ಲೆಕ್ಕ ಕೊಡುವುದನ್ನು ಕಡ್ಡಾಯ ಮಾಡಿದರು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು. ಬಹುತೇಕ ಎಲ್ಲರೂ ಪಾಲಿಸುತ್ತಿದ್ದೇವೆ ಅಂತ ಬರೆದಿದ್ದರು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಯಾಕೆ ಹೀಗಾಯಿತು ಅನ್ನೋದಕ್ಕೆ ಬೇರೆ ಬೇರೆ ವಾದಗಳಿವೆ. ನನ್ನ ಮತ ಏನೆಂದರೆ, ಮೇಲಿನಿಂದ ಹೇರಿದ್ದನ್ನು ಜನ ಪಾಲಿಸಿದ ಹಾಗೆ ತೋರಿಸುತ್ತಾರೆ. ಹಾಗಾಗಿ "ಶೇಕಡಾ ನೂರು ಪಾಲನೆ" ಅನ್ನುವ ವರದಿ ನಿಮ್ಮ ಮೇಜಿಗೆ ಬಂದರೆ ಖುಷಿಪಡುವ ಮೊದಲು ವಾರ್ಡಿಗೆ ಒಂದು ಸುತ್ತು ಹೋಗಿ ಬನ್ನಿ.

ತರಬೇತಿ ಪೂರ್ತಿ ದಂಡ ಅಂತ ಹೇಳುತ್ತಿಲ್ಲ. ಹೊಸ ಕೌಶಲ ಕಲಿಸಬೇಕಾದಾಗ ಬೇಕೇ ಬೇಕು. ಆದರೆ ಯಾವ ಒಂದು ಉಪಾಯದಿಂದಲೂ ಪವಾಡ ಆಗುವುದಿಲ್ಲ. ಡಾಕ್ಟರ್‌ಗಳಿಗೆ ಅವರದೇ ಅಂಕಿಅಂಶ ತೋರಿಸುವ ವಿಧಾನದ ಬಗ್ಗೆ 140 ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ಸೇರಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2012ರಲ್ಲಿ ಒಟ್ಟುಗೂಡಿಸಿತ್ತು. ಸಿಕ್ಕ ಸುಧಾರಣೆಯ ಮಧ್ಯಮಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಬರೀ 4.3 ಶೇಕಡಾ ಅಂಶ. ಕಡಿಮೆ ಅನ್ನಿಸುತ್ತದೆ, ನಿಜ. ಆದರೆ ಒಳಗೆ ನೋಡಿದರೆ ಕೆಲವು ಕಡೆ ಏನೂ ಆಗಿಲ್ಲ, ಕೆಲವು ಕಡೆ ಚೆನ್ನಾಗಿ ಆಗಿದೆ. ಮೊದಲೇ ಹಿಂದುಳಿದಿದ್ದ ಕಡೆ, ಲೆಕ್ಕ ತೋರಿಸಿದವರು ಮೇಲಧಿಕಾರಿಯೋ ಜೊತೆಯವರೋ ಆಗಿದ್ದಾಗ, ಒಂದಕ್ಕಿಂತ ಹೆಚ್ಚು ಸಲ ತೋರಿಸಿದಾಗ, ಬಾಯಲ್ಲಿ ಹೇಳಿ ಬರೆದೂ ಕೊಟ್ಟಾಗ, ಇಷ್ಟಕ್ಕೆ ತಲುಪಬೇಕು, ಹೀಗೆ ತಲುಪೋಣ ಅಂತ ಸ್ಪಷ್ಟ ಮಾಡಿದಾಗ ಪರಿಣಾಮ ಜಾಸ್ತಿ. ವರ್ಷಕ್ಕೊಂದು ಸಲ ಬಣ್ಣದ ಗ್ರಾಫ್ ಇಮೇಲ್ ಮಾಡುವುದಕ್ಕೂ ಇದಕ್ಕೂ ತುಂಬಾ ದೂರ.

ಇಂಗ್ಲೆಂಡಿನಲ್ಲಿ ಹೀಗೇ ಒಂದು ಪ್ರಯೋಗ ಮಾಡಿದರು, 2016ರಲ್ಲಿ ಪ್ರಕಟವಾಯಿತು. ಆಂಟಿಬಯಾಟಿಕ್ ಜಾಸ್ತಿ ಬರೆಯುತ್ತಿದ್ದ ಕ್ಲಿನಿಕ್‌ಗಳ ಡಾಕ್ಟರ್‌ಗಳಿಗೆ ದೇಶದ ಮುಖ್ಯ ವೈದ್ಯಾಧಿಕಾರಿಯಿಂದ ಒಂದು ಪತ್ರ ಹೋಯಿತು: ನಿಮ್ಮ ಪ್ರದೇಶದ ಬಹುಪಾಲು ಕ್ಲಿನಿಕ್‌ಗಳು ನಿಮಗಿಂತ ಕಡಿಮೆ ಬರೆಯುತ್ತಿವೆ. ಆಂಟಿಬಯಾಟಿಕ್ ಬರೆಯುವುದು ಸುಮಾರು 3.3% ಇಳಿಯಿತು. ಒಂದು ಪತ್ರದ ಖರ್ಚಿಗೆ ಇದು ಒಳ್ಳೆಯ ಬೆಲೆಯೇ. ಡಾಕ್ಟರ್‌ಗಳಿಗೆ ಪಕ್ಕದವರಿಗಿಂತ ಹಿಂದೆ ಬೀಳುವುದು ಇಷ್ಟವಿಲ್ಲ. ಯಾರಿಗೆ ಇಷ್ಟ ಹೇಳಿ.

ಕಂಪ್ಯೂಟರ್ ಎಚ್ಚರಿಕೆಗಳ ಬಗ್ಗೆ ಒಂದೇ ಮಾತು: ಈಗಾಗಲೇ ಇರುವುದರಲ್ಲಿ ಎರಡನ್ನು ತೆಗೆಸದೆ ಹೊಸದೊಂದು ಹಾಕಿಸಬೇಡಿ. ಓದದೇ ಮುಚ್ಚುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ.

"ನಮ್ಮ ರೋಗಿಗಳಿಗೆ ಇದು ಹೊಂದುವುದಿಲ್ಲ" ಅಂತ ಒಬ್ಬ ಹಿರಿಯ ಸರ್ಜನ್ ಹೇಳೇ ಹೇಳುತ್ತಾರೆ. ಅದನ್ನು ಹಠ ಅಂತ ತಳ್ಳಿಹಾಕಬೇಡಿ. ಎಷ್ಟೋ ಸಲ ಅವರ ಮಾತಿನಲ್ಲಿ ಹುರುಳಿರುತ್ತದೆ. ಅಧ್ಯಯನಕ್ಕೆ ಸೇರಿಸಿದವರು ಬೇರೆ ಥರದ ರೋಗಿಗಳಾಗಿರಬಹುದು. ಯಾವ ರೋಗಿಗೆ, ಯಾಕೆ ಅಂತ ಕೇಳಿ ಬರೆದುಕೊಳ್ಳಿ. ಅದನ್ನು ಪಟ್ಟಿಯಲ್ಲಿ ವಿನಾಯಿತಿಯಾಗಿ ಸೇರಿಸಿದರೆ ಮುಂದಿನ ಮೀಟಿಂಗಿನಲ್ಲಿ ಅವರೇ ನಿಮ್ಮ ಪರ ಮಾತಾಡುತ್ತಾರೆ. ವಾರ್ಡಿನಲ್ಲಿ ಎಲ್ಲರೂ ಸಲಹೆ ಕೇಳುವ ಒಬ್ಬ ಸಿಸ್ಟರ್ ಇದ್ದೇ ಇರುತ್ತಾರೆ, ಹುದ್ದೆ ದೊಡ್ಡದೇ ಆಗಿರಬೇಕಿಲ್ಲ. ಅವರನ್ನು ಮೊದಲ ದಿನದಿಂದಲೇ ಜೊತೆಗೆ ಇಟ್ಟುಕೊಳ್ಳಿ.

ತಡವಾಗುತ್ತಿದೆ ಅಂತ ಬೇಸರ ಬೇಡ. ಅವಧಿಗೆ ಮೊದಲು ಹೆರಿಗೆ ಆಗುವಂತಿದ್ದರೆ ತಾಯಿಗೆ ಸ್ಟೀರಾಯ್ಡ್ ಕೊಡುವುದರಿಂದ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದು ಅಂತ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ಅಮೆರಿಕದ ತಜ್ಞರ ಸಮಿತಿ ಇದನ್ನು ವ್ಯಾಪಕವಾಗಿ ಬಳಸಿ ಅಂತ ಹೇಳಿದ್ದು 1994ರಲ್ಲಿ.

ನಿಮಗೆ ನನ್ನ ಸಲಹೆ: ಒಂದೇ ವಾರ್ಡ್ ಆರಿಸಿಕೊಳ್ಳಿ. ಸೋಂಕಿನ ಸಂಖ್ಯೆ ಇಳಿಯಲಿ ಅಂತ ಕಾಯುತ್ತಾ ಕೂರಬೇಡಿ. ಒಂದು ವಾರ್ಡಿನಲ್ಲಿ ಸೋಂಕು ಅಪರೂಪ, ಈ ತಿಂಗಳು ಒಂದು ಜಾಸ್ತಿ, ಮುಂದಿನ ತಿಂಗಳು ಒಂದು ಕಡಿಮೆ ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಪ್ರತಿದಿನ ಬೆಳಿಗ್ಗೆ, ಕ್ಯಾತೆಟರ್ ಇರುವವರು ಎಷ್ಟು, ಅವರಲ್ಲಿ ಕಾರಣವೇ ಇಲ್ಲದೆ ಇರುವವರು ಎಷ್ಟು ಅಂತ ಎಣಿಸಿ. ಸಿಸ್ಟರ್‌ಗಳ ಕೋಣೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ತೆಗೆದ ಮೇಲೆ ಮೂತ್ರ ಕಟ್ಟಿ ಮತ್ತೆ ಹಾಕಬೇಕಾಗಿ ಬಂದವರನ್ನೂ ಎಣಿಸಿ. ಸರ್ಜನ್ ಮೊದಲು ಕೇಳುವುದೇ ಅದನ್ನ.