ತ್ಸುಮಾಗೊದ ಒಕುಯಾ ಮನೆಗೆ ಅಷ್ಟೇಕೆ ಬೆಲೆ?

ಜಪಾನಿನ ಬೆಟ್ಟದೂರು ತ್ಸುಮಾಗೊದ ಒಕುಯಾ ಮನೆಗೆ ಬೆಲೆ ಬಂದಿರುವುದು ವಯಸ್ಸಿನಿಂದಲ್ಲ, ಮರದಿಂದ. ಎದೋ (ಇಂದಿನ ಟೋಕಿಯೊ)–ಕ್ಯೋಟೋ ಹೆದ್ದಾರಿಯಲ್ಲಿ ಓಡಾಡುವ ಗಣ್ಯರಿಗೆ ಈ ಮನೆತನ ಬಿಡಾರ ನಡೆಸುತ್ತಿತ್ತು. ಈಗಿನ ಕಟ್ಟಡ 1877ರದು. ನಮ್ಮ ಎಷ್ಟೋ ತೊಟ್ಟಿಮನೆಗಳು ಇದಕ್ಕಿಂತ ಹಳೆಯವು!

ಆದರೆ ಶೋಗುನ್‌ಗಳ, ಅಂದರೆ ಸೇನಾಧಿಪತಿ ದೊರೆಗಳ, ಆಳ್ವಿಕೆಯಲ್ಲಿ ಅಲ್ಲಿನ ಕಿಸೊ ಕಾಡಿನ ಹಿನೋಕಿ, ಅಂದರೆ ಪರಿಮಳದ ಸೈಪ್ರೆಸ್ ಮರ, ಸಾಮಾನ್ಯರು ಮುಟ್ಟುವಂತಿರಲಿಲ್ಲ. 'ಒಂದು ಮರಕ್ಕೆ ಒಂದು ತಲೆ' ಎಂಬ ಮಾತೇ ಇತ್ತು. ಆಳ್ವಿಕೆ ಬದಲಾಗಿ ನಿಷೇಧ ಸಡಿಲವಾದ ಮೇಲೆ ಮನೆಯೊಡೆಯರು ಅದೇ ಹಿನೋಕಿಯಲ್ಲಿ ಮನೆಯನ್ನು ಹೊಸದಾಗಿ ಕಟ್ಟಿಸಿದರು. ಹಾಗಾಗಿ ರಾಜಕೀಯ ಪಲ್ಲಟವೊಂದು ಇಲ್ಲಿ ಕಂಬ, ತೊಲೆಗಳಲ್ಲೇ ಕಾಣುತ್ತದೆ. ನೆಲದ ಒಲೆಯ ಹೊಗೆಗೆ ಅವು ಕಪ್ಪಾಗಿವೆ. ಚಳಿಗಾಲದಲ್ಲಿ ಕಿಟಕಿ ಸರಳುಗಳ ನಡುವಿನಿಂದ ಬರುವ ಬಿಸಿಲುಕೋಲುಗಳು ಆ ಹೊಗೆಯಲ್ಲಿ ಓರೆಯಾಗಿ ನಿಲ್ಲುತ್ತವೆ.